‘ಕಪ್ತಾನ’ ಬೇರೆ, ‘ಕ್ಯಾಪ್ಟನ್’ ಬೇರೆ ಎಂದು ಬರೆಯಬಹುದೇ? ಎಮ್ಡೆನ್ ಹಡಗಿನ ಮುಲ್ಲರ್ ನೆವದಲ್ಲಿ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಮೊದಲ ಮಹಾಯುದ್ಧದ ಕಾಲದ ಒಬ್ಬ ಜರ್ಮನ್ ನೌಕಾಧಿಕಾರಿಯ ವೃತ್ತಿಜೀವನದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರು ಕಾರ್ಲ್ ಫೊನ್ ಮುಲ್ಲರ್. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ತೊಟ್ಟಿಗಳಿಗೆ ಬೆಂಕಿ ಹಚ್ಚಿದ ಎಮ್ಡೆನ್ ಎಂಬ ಯುದ್ಧನೌಕೆ ಈತನ ಕೈಯಲ್ಲಿತ್ತು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಮದರಾಸು ಪ್ರಾಂತ್ಯದೊಳಗೇ ಇದ್ದವಲ್ಲ, ಹಾಗಾಗಿ ಅದು ನಮ್ಮಲ್ಲೂ ಹಲವರ ರಾಜಧಾನಿಯ ಮೇಲೆ ನಡೆದ ದಾಳಿಯೇ.

ನನ್ನ ಪ್ರಶ್ನೆ ಇಷ್ಟು. ಇಂಗ್ಲಿಷಿನ ಒಂದೇ ‘ಕ್ಯಾಪ್ಟನ್’ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತದೆ. ಭೂಸೇನೆಯಲ್ಲಿ ಅದೊಂದು ದರ್ಜೆ, ನೌಕಾಪಡೆಯಲ್ಲಿ ಅದಕ್ಕಿಂತ ಬಹಳ ಮೇಲಿನ ಇನ್ನೊಂದು ದರ್ಜೆ. ಇವೆರಡೂ ಅಲ್ಲದೆ, ಯಾವುದೇ ಹಡಗಿನ ಹೊಣೆ ಹೊತ್ತವನು ಆ ಹಡಗಿನ ಮಟ್ಟಿಗೆ ಕ್ಯಾಪ್ಟನ್. ಕನ್ನಡದ ಪತ್ರಿಕೆಗಳೂ ಪಠ್ಯಗಳೂ ಮೂರನ್ನೂ ‘ಕ್ಯಾಪ್ಟನ್’ ಎಂದೇ ಬರೆಯುತ್ತವೆ. ನಮ್ಮಲ್ಲಿ ‘ಕಪ್ತಾನ’ ಎಂಬ ಹಳೆಯ ಮಾತೂ ಇದೆ. ಹಡಗಿನ ಹೊಣೆ ಹೊತ್ತವನಿಗೆ ‘ಕಪ್ತಾನ’, ದರ್ಜೆಗೆ ಮಾತ್ರ ‘ಕ್ಯಾಪ್ಟನ್’ ಎಂದು ನಾವು ಬೇರ್ಪಡಿಸಿ ಬಳಸಬಹುದೇ? ಬಳಸಬೇಕು ಎಂಬುದು ನನ್ನ ನಿಲುವು. ಏಕೆಂದು ಮುಲ್ಲರನ ಬದುಕನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಜರ್ಮನ್ ಉಚ್ಚಾರ ‘ಮ್ಯುಲರ್’ಗೆ ಹತ್ತಿರ. ಆದರೆ ವೇದಗಳ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಕನ್ನಡಕ್ಕೆ ಬಂದು ನೂರು ವರ್ಷದ ಮೇಲಾಯಿತು, ಆ ರೂಪ ನಮ್ಮ ನಾಲಿಗೆಗೆ ಕೂತಿದೆ. ಅದನ್ನು ಕೆಡಿಸುವುದು ಬೇಡವೆಂದು ಇಲ್ಲೂ ‘ಮುಲ್ಲರ್’ ಎಂದೇ ಇಟ್ಟಿದ್ದೇನೆ. ‘ವಾನ್’ ಬದಲು ‘ಫೊನ್’ ಎಂದು ಬರೆದದ್ದು ಮಾತ್ರ ಉಚ್ಚಾರವನ್ನು ನೋಡಿ.

ಮುಲ್ಲರ್ ಹುಟ್ಟಿದ್ದು 1873ರ ಜೂನ್ 16ರಂದು, ಹ್ಯಾನೋವರಿನಲ್ಲಿ. ತಂದೆ ಪ್ರಷ್ಯಾದ ಭೂಸೇನೆಯಲ್ಲಿ ಕರ್ನಲ್. ಹುಡುಗ ಹ್ಯಾನೋವರ್ ಮತ್ತು ಕೀಲ್‌ನಲ್ಲಿ ಓದಿ, ಪ್ಲ್ಯೋನ್ ಎಂಬ ಊರಿನ ಸೈನಿಕ ಶಾಲೆ ಸೇರಿ, 1891ರ ಈಸ್ಟರ್ ಹೊತ್ತಿಗೆ ನೌಕಾಪಡೆಗೆ ದಾಟಿಕೊಂಡ. ತರಬೇತಿ ಹಡಗುಗಳಲ್ಲಿ ಅಮೆರಿಕದ ಕಡೆಗೆ ಯಾನ. 1894ರಲ್ಲಿ ಬಾಡೆನ್ ಎಂಬ ದೊಡ್ಡ ಯುದ್ಧನೌಕೆಯಲ್ಲಿ ಸಂಕೇತಗಳ ಹೊಣೆಯ ಕಿರಿಯ ಅಧಿಕಾರಿ. ಕಂಬಕ್ಕೆ ಏರಿಸುವ ಬಾವುಟಗಳಿಂದಲೂ ದೀಪದ ಮಿಣುಕಿನಿಂದಲೂ ಒಂದು ಹಡಗು ಇನ್ನೊಂದರ ಜೊತೆ ಮಾತಾಡುತ್ತಿದ್ದ ಕಾಲ ಅದು. ಆಮೇಲೆ ಶ್ವಾಲ್ಬೆ ಎಂಬ ಚಿಕ್ಕ ಕ್ರೂಸರಿನಲ್ಲಿ (ದೂರದ ಕಡಲುಗಳಲ್ಲಿ ತಿರುಗುವ ಯುದ್ಧನೌಕೆ) ಜರ್ಮನ್ ಪೂರ್ವ ಆಫ್ರಿಕಕ್ಕೆ ಹೋದ. ಅಲ್ಲಿ ಹತ್ತಿದ ಮಲೇರಿಯಾ ಸಾಯುವವರೆಗೂ ಬಿಡಲಿಲ್ಲ.

1900ರಲ್ಲಿ ಜರ್ಮನಿಗೆ ಮರಳಿದ ಮೇಲೆ ಕೆಲಕಾಲ ದಡದ ಕೆಲಸ, ಅನಂತರ ಯುದ್ಧನೌಕೆಯೊಂದರಲ್ಲಿ ಎರಡನೇ ಫಿರಂಗಿ ಅಧಿಕಾರಿ, ಆಮೇಲೆ ಜರ್ಮನ್ ಚಕ್ರವರ್ತಿ ಕೈಸರನ ತಮ್ಮ ರಾಜಕುಮಾರ ಹೈನ್ರಿಷ್‌ನ ಸಿಬ್ಬಂದಿಯಲ್ಲಿ ಕೆಲಸ. 1908ರ ಡಿಸೆಂಬರಿನಲ್ಲಿ ‘ಕೊರ್ವೆಟನ್‌ಕಪಿಟೇನ್’ ದರ್ಜೆಗೆ ಬಡ್ತಿ ಸಿಕ್ಕಿತು, ಬರ್ಲಿನ್ನಿನ ನೌಕಾ ಇಲಾಖೆಗೆ ವರ್ಗವಾಯಿತು. ಜರ್ಮನ್ ನೌಕಾಪಡೆಯನ್ನು ಬೆಳೆಸಿದ ಟಿರ್ಪಿಟ್ಸ್ ಆತನ ಕೆಲಸವನ್ನು ಮೆಚ್ಚಿದ್ದು ಅಲ್ಲಿಯೇ. ಆ ಮೆಚ್ಚಿಗೆಯ ಫಲವಾಗಿ 1913ರಲ್ಲಿ ಎಮ್ಡೆನ್ ಕೈಗೆ ಬಂತು. ಇಪ್ಪತ್ತೆರಡು ವರ್ಷ ಸೇವೆಯಾದ ಮೇಲೆ ತನ್ನದೆಂದು ಹೇಳಿಕೊಳ್ಳಬಹುದಾದ ಹಡಗು!

ಈಗ ಪದದ ತೊಡಕಿಗೆ ಬರುತ್ತೇನೆ. ‘ಕೊರ್ವೆಟನ್‌ಕಪಿಟೇನ್’ ಎಂದರೆ, ಅಕ್ಷರಶಃ ನೋಡಿದರೆ, ಕೊರ್ವೆಟ್ ಎಂಬ ಚಿಕ್ಕ ಯುದ್ಧನೌಕೆಯ ಕಪ್ತಾನ. ಅದರ ಮೇಲಿನದು ‘ಫ್ರೆಗಾಟನ್‌ಕಪಿಟೇನ್’, ಫ್ರಿಗೇಟ್ ಎಂಬ ಸ್ವಲ್ಪ ದೊಡ್ಡ ಹಡಗಿನ ಕಪ್ತಾನ. ಅದಕ್ಕೂ ಮೇಲೆ ‘ಕಪಿಟೇನ್ ಟ್ಸುರ್ ಜೇ’, ಎಂದರೆ ಸಮುದ್ರದ ಕಪ್ತಾನ. ಹಾಯಿ ಹಡಗಿನ ಕಾಲದಲ್ಲಿ ಹಡಗಿನ ಗಾತ್ರವೇ ಅಧಿಕಾರಿಯ ದರ್ಜೆಯನ್ನು ತೀರ್ಮಾನಿಸುತ್ತಿತ್ತು, ಹೆಸರುಗಳು ಆ ಕಾಲದವು. ಮುಲ್ಲರನ ಹೊತ್ತಿಗೆ ಅವು ಬರೀ ದರ್ಜೆಯ ಹೆಸರುಗಳಾಗಿದ್ದವು. ಕೊರ್ವೆಟನ್‌ಕಪಿಟೇನ್ ಆದ ಮುಲ್ಲರ್ ಕೂತದ್ದು ಬರ್ಲಿನ್ನಿನ ಕಚೇರಿಯ ಮೇಜಿನ ಮುಂದೆ, ಯಾವ ಕೊರ್ವೆಟ್ಟಿನಲ್ಲೂ ಅಲ್ಲ. ಇನ್ನು ಹಡಗಿನ ಹೊಣೆ ಹೊತ್ತವನಿಗೆ ಜರ್ಮನರು ಹೇಳುವುದು ‘ಕೊಮಾಂಡಂಟ್’. ಆತ ಯಾವ ದರ್ಜೆಯವನಾದರೂ ಸರಿ, ಆ ಹಡಗಿನಲ್ಲಿ ಇರುವವರೆಗೆ ಕೊಮಾಂಡಂಟ್. ದರ್ಜೆಗೊಂದು ಮಾತು, ಹೊಣೆಗೊಂದು ಮಾತು.

ಭೂಸೇನೆಯ ಜೊತೆಗಿನ ಗೊಂದಲವೂ ಜರ್ಮನ್‌ನಲ್ಲಿ ಇಲ್ಲ. ಅವರ ಭೂಸೇನೆಯ ಕ್ಯಾಪ್ಟನ್‌ಗೆ ‘ಹೌಪ್ಟ್‌ಮನ್’ ಎಂದು ಬೇರೆಯೇ ಹೆಸರು. ಎರಡೂ ಪಡೆಗಳಲ್ಲಿ ಇರುವ ‘ಲೊಯ್ಟ್ನಂಟ್’ (ಲೆಫ್ಟಿನೆಂಟ್) ಮಾತಿಗೆ ನೌಕಾಪಡೆಯಲ್ಲಿ ‘ಟ್ಸುರ್ ಜೇ’ ಎಂಬ ಬಾಲ ಹಚ್ಚುತ್ತಾರೆ. ಅದನ್ನು ಕೇಳಿದೊಡನೆ ಕಡಲಿನವನೆಂದು ತಿಳಿಯುತ್ತದೆ. ಗೊಂದಲ ಇರುವುದು ಇಂಗ್ಲಿಷಿನಲ್ಲಿ, ಅಲ್ಲಿಂದ ಅದನ್ನು ಹಾಗೆಯೇ ಹೊತ್ತುತಂದ ಕನ್ನಡದಲ್ಲಿ.

ನಮ್ಮ ಭಾರತೀಯ ಪಡೆಗಳನ್ನೇ ನೋಡಿ. ಭೂಸೇನೆಯ ಕ್ಯಾಪ್ಟನ್‌ಗೆ ಸಮನಾದವನು ನೌಕಾಪಡೆಯ ಲೆಫ್ಟಿನೆಂಟ್. ಮೇಜರ್‌ಗೆ ಲೆಫ್ಟಿನೆಂಟ್ ಕಮಾಂಡರ್, ಲೆಫ್ಟಿನೆಂಟ್ ಕರ್ನಲ್‌ಗೆ ಕಮಾಂಡರ್, ಕರ್ನಲ್‌ಗೆ ನೌಕಾಪಡೆಯ ಕ್ಯಾಪ್ಟನ್. ಹೆಸರು ಒಂದೇ ಆದರೂ ಎರಡು ಕ್ಯಾಪ್ಟನ್‌ಗಳ ನಡುವೆ ಮೂರು ಮೆಟ್ಟಿಲುಗಳ ಅಂತರ. ‘ಕ್ಯಾಪ್ಟನ್ ಇಂಥವರು ಬಂದಿದ್ದರು’ ಎಂದು ಪತ್ರಿಕೆಯಲ್ಲಿ ಓದಿದಾಗ ಹತ್ತು ವರ್ಷವೂ ಸೇವೆಯಾಗದ ಯುವಕನೋ, ಇಪ್ಪತ್ತೈದು ವರ್ಷ ಕಡಲಿನಲ್ಲಿ ಕಳೆದ ಹಿರಿಯರೋ ಎಂದು ತಿಳಿಯುವುದಿಲ್ಲ. ಕಾರವಾರದಲ್ಲಿ ಕದಂಬ ನೌಕಾನೆಲೆ ಬಂದ ಮೇಲೆ ಇಂಥ ಸುದ್ದಿಗಳು ಕನ್ನಡದಲ್ಲಿ ಮೊದಲಿಗಿಂತ ಹೆಚ್ಚಾಗಿವೆ. ಹಾಗಾಗಿ ಪ್ರಶ್ನೆ ನೂರು ವರ್ಷದ ಹಿಂದಿನ ಒಬ್ಬ ಜರ್ಮನ್‌ಗೆ ಮಾತ್ರ ಸಂಬಂಧಿಸಿದ್ದಲ್ಲ.

ಮುಲ್ಲರನ ಬದುಕಿನಲ್ಲಿ ಈ ಗೊಂದಲ ಎಷ್ಟು ದೊಡ್ಡ ಅರ್ಥವನ್ನು ನುಂಗುತ್ತದೆ ನೋಡಿ. ತಂದೆ ಭೂಸೇನೆಯ ಕರ್ನಲ್ ಎಂದೆ. ಮಗ ಕೊನೆಗೆ ತಲುಪಿದ ದರ್ಜೆ ‘ಕಪಿಟೇನ್ ಟ್ಸುರ್ ಜೇ’. ಕನ್ನಡದಲ್ಲಿ ‘ತಂದೆ ಕರ್ನಲ್, ಮಗ ಕ್ಯಾಪ್ಟನ್’ ಎಂದು ಬರೆದರೆ ಓದುಗರು ಏನೆಂದುಕೊಳ್ಳುತ್ತಾರೆ? ಮಗ ಅಪ್ಪನಷ್ಟು ಏರಲಿಲ್ಲ ಎಂದಲ್ಲವೇ? ನಿಜವಾಗಿ ಎರಡೂ ಸಮಾನ ದರ್ಜೆ. ತಂದೆ ನೆಲದ ಮೇಲೆ ತಲುಪಿದ ಎತ್ತರವನ್ನೇ ಮಗ ಕಡಲಿನಲ್ಲಿ ತಲುಪಿದ. ಒಂದು ಕುಟುಂಬದ ಎರಡು ತಲೆಮಾರಿನ ಈ ಸಂಗತಿ ಒಂದು ಪದದ ದೆಸೆಯಿಂದ ತಲೆಕೆಳಗಾಗುವುದು ನನಗೆ ಒಪ್ಪುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಎಮ್ಡೆನ್ ಚರಿತ್ರೆ ಮಾಡಿದ ಆ ಮೂರು ತಿಂಗಳು ಮುಲ್ಲರ್ ಕ್ಯಾಪ್ಟನ್ ದರ್ಜೆಯವನಾಗಿರಲಿಲ್ಲ, ಅದಕ್ಕಿಂತ ಕೆಳಗಿದ್ದ. ಆ ದರ್ಜೆ ಬಂದದ್ದು ಹಡಗೂ ಹೋಗಿ, ಸೆರೆವಾಸವೂ ಮುಗಿಯುವ ಹೊತ್ತಿಗೆ. ಇದನ್ನು ಕನ್ನಡದಲ್ಲಿ ನಾನು ಹೀಗೆ ಬರೆಯಲು ಬಯಸುತ್ತೇನೆ: ‘ಮುಲ್ಲರ್ 1913ರಲ್ಲಿ ಎಮ್ಡೆನ್ನಿನ ಕಪ್ತಾನನಾದ. ಕ್ಯಾಪ್ಟನ್ ದರ್ಜೆ ಸಿಕ್ಕಿದ್ದು ಯುದ್ಧಖೈದಿಯಾಗಿ ವರ್ಷಗಳನ್ನು ಕಳೆದ ಮೇಲೆ.’ ಎರಡು ಪದ ಇಟ್ಟುಕೊಂಡರೆ ಈ ವಾಕ್ಯ ಸಲೀಸಾಗಿ ನಿಲ್ಲುತ್ತದೆ. ಒಂದೇ ಪದದಲ್ಲಿ ಬರೆಯಲು ಹೋದರೆ ವಾಕ್ಯ ತನ್ನನ್ನೇ ಅಲ್ಲಗಳೆದುಕೊಳ್ಳುತ್ತದೆ.

ಮುಲ್ಲರನ ಸುತ್ತ ಇದ್ದವರಿಗೂ ಈ ಅಳತೆಗೋಲನ್ನು ಹಿಡಿದು ನೋಡಿದ್ದೇನೆ. ಎಮ್ಡೆನ್ನಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಹೆಲ್ಮುತ್ ಫೊನ್ ಮ್ಯುಕೆಯ ದರ್ಜೆ ‘ಕಪಿಟೇನ್‌ಲೊಯ್ಟ್ನಂಟ್’, ಕೊರ್ವೆಟನ್‌ಕಪಿಟೇನ್‌ಗಿಂತಲೂ ಕೆಳಗಿನದು. 1914ರ ನವೆಂಬರ್ 9ರಂದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ತಂತಿ ಕಚೇರಿಯನ್ನು ಕೆಡವಲು ಸುಮಾರು ಐವತ್ತು ಜನರೊಂದಿಗೆ ಆತ ದಡಕ್ಕೆ ಇಳಿದಿದ್ದ. ಅಷ್ಟರಲ್ಲಿ ಆಸ್ಟ್ರೇಲಿಯದ ಸಿಡ್ನಿ ಎಂಬ ಕ್ರೂಸರ್ ಕಾಣಿಸಿತು, ಎಮ್ಡೆನ್ ಇವರನ್ನು ದಡದಲ್ಲೇ ಬಿಟ್ಟು ಹೊರಟಿತು. ಮ್ಯುಕೆ ಅಲ್ಲಿ ನಿಂತಿದ್ದ ಆಯೆಷಾ ಎಂಬ ಹಾಯಿ ಹಡಗನ್ನು ವಶಪಡಿಸಿಕೊಂಡು ಸುಮಾತ್ರದ ಕಡೆಗೆ ನಡೆಸಿದ. ಮುಂದೆ ಬೇರೊಂದು ಹಡಗು ಹಿಡಿದು ಅರೇಬಿಯ ತಲುಪಿ, ಮರಳುಗಾಡು ದಾಟಿ, ಹಿಜಾಜ್ ರೈಲು ಹತ್ತಿ, 1915ರಲ್ಲಿ ಇಸ್ತಾಂಬುಲ್ ಮುಟ್ಟಿದ. ಆಯೆಷಾ ಹಡಗಿನಲ್ಲಿ ಆತ ಏನು? ಖಂಡಿತ ಕಪ್ತಾನ. ದರ್ಜೆಯಲ್ಲಿ? ಕ್ಯಾಪ್ಟನ್ ಅಲ್ಲವೇ ಅಲ್ಲ.

ಯೂಲಿಯುಸ್ ಲೌಟರ್‌ಬಾಖ್ ಇನ್ನೂ ಒಳ್ಳೆಯ ಉದಾಹರಣೆ. ಯುದ್ಧಕ್ಕೆ ಮೊದಲು ಚೀನಾ ಕರಾವಳಿಯಲ್ಲಿ ವ್ಯಾಪಾರಿ ಹಡಗು ನಡೆಸುತ್ತಿದ್ದ ಆಸಾಮಿ, ಆ ಕಡಲಿನ ಹಡಗುಗಳ ಪರಿಚಯ ಚೆನ್ನಾಗಿ ಇದ್ದವನು. ಎಮ್ಡೆನ್‌ಗೆ ಬಂದಾಗ ಆತ ಬರೀ ಮೀಸಲು ಪಡೆಯ ಓಬರ್‌ಲೊಯ್ಟ್ನಂಟ್. ಒಂದು ಲೋಕದಲ್ಲಿ ವರ್ಷಗಟ್ಟಲೆ ಕಪ್ತಾನನಾಗಿದ್ದವನು ಇನ್ನೊಂದರಲ್ಲಿ ಕಿರಿಯ ಅಧಿಕಾರಿ. ಪೆನಾಂಗ್ ಬಂದರಿನಲ್ಲಿ ಅಕ್ಟೋಬರ್ 28ರ ಬೆಳಗಿನ ಜಾವ ಎಮ್ಡೆನ್ ಮುಳುಗಿಸಿದ ಜೆಮ್‌ಚುಗ್ ಎಂಬ ರಷ್ಯನ್ ಕ್ರೂಸರಿನ ಕಪ್ತಾನ ಚೆರ್ಕಾಸೊವ್ ಆ ರಾತ್ರಿ ದಡದಲ್ಲಿದ್ದ, ಮುಂದೆ ವಿಚಾರಣೆಗೆ ಒಳಗಾಗಿ ಶಿಕ್ಷೆ ಅನುಭವಿಸಿದ. ಆತನ ದರ್ಜೆ ‘ಎರಡನೇ ದರ್ಜೆಯ ಕ್ಯಾಪ್ಟನ್’. ರಷ್ಯನ್ನರು ಆ ಮಾತಿಗೇ ಅಂಕಿ ಹಚ್ಚುತ್ತಾರೆ. ಸಿಡ್ನಿಯ ಜಾನ್ ಗ್ಲಾಸಪ್ ಒಬ್ಬನೇ ಹಡಗಿನ ಕಪ್ತಾನನೂ ಹೌದು, ದರ್ಜೆಯಲ್ಲಿ ಕ್ಯಾಪ್ಟನ್ನೂ ಹೌದು. ನಾಲ್ಕು ಜನ, ನಾಲ್ಕು ಬಗೆ. ಎಲ್ಲರನ್ನೂ ‘ಕ್ಯಾಪ್ಟನ್’ ಎಂದು ಕರೆದರೆ ಕತೆಯೇ ಮಸುಕಾಗುತ್ತದೆ.

‘ಕಪ್ತಾನ’ ಏಕೆ ಎಂದು ಕೇಳಬಹುದು. ಚಾವಿ, ಪಾದ್ರಿ, ಅಲಮಾರುಗಳಂತೆ ಇದೂ ಪೋರ್ಚುಗೀಸರ ಹಡಗುಗಳ ಜೊತೆ ನಮ್ಮ ಕರಾವಳಿಗೆ ಬಂದ ಮಾತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಿದ್ದರೆ ಅದರ ಹುಟ್ಟೇ ಹಡಗಿನದು. ಅದಕ್ಕಿಂತ ನನಗೆ ಬಲವಾಗಿ ಕಾಣುವುದು ಇಂದಿನ ಬಳಕೆ. ಕ್ರಿಕೆಟ್ ವರದಿಗಳಲ್ಲಿ ‘ಕಪ್ತಾನ’ ಇನ್ನೂ ಜೀವಂತವಾಗಿದೆ. ಅಲ್ಲಿ ಅದರ ಅರ್ಥವೇನು? ಬಡ್ತಿಯಿಂದ ಬರುವ, ನಿವೃತ್ತಿಯ ಮೇಲೂ ಹೆಸರಿಗೆ ಅಂಟಿಕೊಂಡಿರುವ ದರ್ಜೆ ಅಲ್ಲ. ಒಂದು ತಂಡದ ಹೊಣೆ. ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಕಪ್ತಾನನಿಗಿಂತ ಹಿರಿಯ ಆಟಗಾರರು ಅದೇ ತಂಡದಲ್ಲಿ ಇರಬಹುದು. ನಾವು ಹಡಗಿಗೆ ಬಯಸುವ ಅರ್ಥವೂ ಇದೇ. ಕನ್ನಡ ಓದುಗರ ಕಿವಿಗೆ ಈ ವ್ಯತ್ಯಾಸ ಆಗಲೇ ಗೊತ್ತು, ಬರೆಯುವವರು ಅದನ್ನು ಬಳಸಿಕೊಂಡಿಲ್ಲ ಅಷ್ಟೆ. ‘ಕಪ್ತಾನಗಿರಿ’ ಎಂಬ ರೂಪವೂ ತಾನಾಗಿ ಬರುತ್ತದೆ: ‘ಎಮ್ಡೆನ್ನಿನ ಕಪ್ತಾನಗಿರಿ ಮುಲ್ಲರನಿಗೆ ಸಿಕ್ಕಿತು.’ ‘ಕ್ಯಾಪ್ಟನ್’ ಮಾತಿಗೆ ಹೀಗೆ ಪ್ರತ್ಯಯ ಹಚ್ಚಿ ನೋಡಿ, ಒಗ್ಗುವುದಿಲ್ಲ.

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ನಾಯಕ’ ಬಹಳ ಅಗಲವಾದ ಮಾತು. ಪಕ್ಷದ ನಾಯಕನೂ ಅದರಲ್ಲೇ ಇದ್ದಾನೆ, ಸಿನಿಮಾದ ನಾಯಕನೂ ಅದರಲ್ಲೇ. ಜೊತೆಗೆ ಭೂಸೇನೆಯಲ್ಲಿ ‘ನಾಯಕ್’ ಎಂಬ ದರ್ಜೆಯೇ ಇದೆ, ಇನ್ನೊಂದು ಗೊಂದಲಕ್ಕೆ ಬಾಗಿಲು. ‘ನೌಕಾಧಿಪತಿ’ ಎಂದರೆ ಇಡೀ ಪಡೆಯ ಒಡೆಯ ಎಂಬ ಭಾವ ಬರುತ್ತದೆ, ಅದು ಅಡ್ಮಿರಲ್‌ಗೆ ಸಲ್ಲುವ ಮಾತು. ನಮ್ಮ ಕರಾವಳಿಯ ‘ತಂಡೇಲ’ ನನಗೆ ತುಂಬ ಇಷ್ಟದ ಪದ. ಮೀನುಗಾರಿಕೆ ದೋಣಿಯಲ್ಲಿ ಅವನ ಮಾತೇ ಕೊನೆಯ ಮಾತು. ಬಲೆ ಎಲ್ಲಿ ಬಿಡಬೇಕು, ಗಾಳಿ ತಿರುಗಿದರೆ ಯಾವ ಅಳಿವೆಯೊಳಗೆ ನುಗ್ಗಬೇಕು ಎಂಬುದೆಲ್ಲ ಅವನ ತೀರ್ಮಾನ. ಆದರೆ ಆ ಪದಕ್ಕೆ ಮೀನಿನ ವಾಸನೆಯೂ ಪಾಲಿನ ಲೆಕ್ಕವೂ ಕೂಡಿಕೊಂಡಿದೆ. ಅದೇ ಅದರ ಚೆಲುವು, ಹತ್ತು ಫಿರಂಗಿಗಳ ಉಕ್ಕಿನ ಕ್ರೂಸರಿಗೆ ಎಳೆದು ತಂದರೆ ಎರಡಕ್ಕೂ ಅನ್ಯಾಯ. ಅರಬ್ಬೀ ವ್ಯಾಪಾರದ ಹಾಯಿ ಹಡಗುಗಳ ‘ನಖುದಾ’ ಕೂಡ ಹೀಗೆಯೇ, ತನ್ನ ಲೋಕದಲ್ಲೇ ಇರಬೇಕಾದ ಮಾತು.

ಟಿಪ್ಪು ಸುಲ್ತಾನನ 1796ರ ನೌಕಾ ನಿಯಮಾವಳಿಯಲ್ಲಿ ‘ಮೀರ್ ಯಾಮ್’, ‘ಮೀರ್ ಬಹರ್’ ಎಂಬ ಎರಡು ಹುದ್ದೆಗಳು ಬರುತ್ತವೆ. ಮೊದಲಿನವರು ದಡದಲ್ಲಿದ್ದು ನೌಕಾ ಆಡಳಿತ ನೋಡುವವರು, ಎರಡನೆಯವರು ಕಡಲಿನ ಮೇಲಿನ ಅಧಿಕಾರಿಗಳು. ‘ಬಹರ್’ ಎಂದರೆ ಸಮುದ್ರ. ಇಂಗ್ಲಿಷಿನ ‘ಅಡ್ಮಿರಲ್’ ಕೂಡ ಅರಬ್ಬಿಯ ‘ಅಮೀರ್’ನಿಂದ ಬಂದದ್ದು. ಕನ್ನಡ ನಾಡಿನ ದೊರೆಯೊಬ್ಬ ಮಂಗಳೂರು ಕಡಲಿಗೆ ಈ ಬಗೆಯ ಪದವ್ಯವಸ್ಥೆ ಹಾಕಿಕೊಂಡಿದ್ದ ಎಂಬುದು ನೆನಪಿಡಬೇಕಾದ ಸಂಗತಿ. ಆಡಳಿತಕ್ಕೊಂದು, ಕಡಲಿನ ಹೊಣೆಗೊಂದು ಎಂಬ ಭೇದವನ್ನು ಅಲ್ಲೂ ಮಾಡಿದ್ದಾರೆ. ಆ ಪದಗಳು ಬಳಕೆಯಲ್ಲಿ ಉಳಿಯಲಿಲ್ಲ, ಈಗ ಅವನ್ನು ಎಬ್ಬಿಸುವುದು ಸಾಧ್ಯವೆಂದು ನನಗೆ ತೋರುವುದಿಲ್ಲ.

ಎರಡನೆಯ ತೊಡಕು ಹಡಗುಗಳನ್ನು ಹಿಡಿಯುವ ಕ್ರಿಯೆಯದು. ಎಮ್ಡೆನ್ ಬಂಗಾಳ ಕೊಲ್ಲಿಯಲ್ಲೂ ಲಕ್ಷದ್ವೀಪದ ಮಿನಿಕಾಯ್ ಸುತ್ತಮುತ್ತಲೂ ಹಿಡಿದ ವ್ಯಾಪಾರಿ ಹಡಗುಗಳ ಬಗ್ಗೆ ಬರೆಯುವಾಗ ಕನ್ನಡದಲ್ಲಿ ಥಟ್ಟನೆ ಬರುವ ಮಾತು ‘ಸೂರೆ’, ‘ಕೊಳ್ಳೆ’, ‘ಲೂಟಿ’. ಇವು ಮೂರೂ ಇಲ್ಲಿ ತಪ್ಪು ಅರ್ಥ ಕೊಡುತ್ತವೆ. ಯುದ್ಧಕಾಲದಲ್ಲಿ ಶತ್ರುವಿನ ವ್ಯಾಪಾರಿ ಹಡಗನ್ನು ತಡೆದು ವಶಪಡಿಸಿಕೊಳ್ಳುವುದಕ್ಕೆ ಅಂತಾರಾಷ್ಟ್ರೀಯ ಕಾನೂನಿನ ಕಟ್ಟಳೆಗಳಿವೆ, ಮುಲ್ಲರ್ ಅವನ್ನು ಅಕ್ಷರ ತಪ್ಪದೆ ಪಾಲಿಸಿದವನು. ಹಡಗನ್ನು ನಿಲ್ಲಿಸಿ, ಅಧಿಕಾರಿಯನ್ನು ಕಳಿಸಿ, ಕಾಗದಪತ್ರ ನೋಡಿ, ತಟಸ್ಥ ದೇಶದ್ದಾದರೆ ಬಿಡುತ್ತಿದ್ದ. ಲೊರೆದಾನೊ ಎಂಬ ಇಟಲಿಯ ಹಡಗನ್ನು ಹಾಗೆ ಬಿಟ್ಟ, ಅದು ಹೋಗಿ ಎಮ್ಡೆನ್ ಇಲ್ಲಿದೆ ಎಂದು ಬ್ರಿಟಿಷರಿಗೆ ತಿಳಿಸಿತು. ನಷ್ಟವಾಗಬಹುದೆಂದು ಗೊತ್ತಿದ್ದೂ ಕಟ್ಟಳೆ ಮುರಿಯಲಿಲ್ಲ. ಕಬಿಂಗ ಎಂಬ ಹಡಗು ಬ್ರಿಟಿಷರದೇ. ಅದರ ಸರಕು ತಟಸ್ಥರದು, ಅದರ ಕಪ್ತಾನನ ಜೊತೆ ಹೆಂಡತಿ, ಮಗು ಇದ್ದರು. ಬೇರೆ ಹಡಗುಗಳಿಂದ ಹಿಡಿದವರನ್ನೆಲ್ಲ ಅದಕ್ಕೆ ಹತ್ತಿಸಿ ಸುರಕ್ಷಿತವಾಗಿ ಕಳಿಸಿಕೊಟ್ಟ. ಮುಳುಗಿಸಿದ ಬ್ರಿಟಿಷ್ ಹಡಗುಗಳು 15ಕ್ಕೂ ಹೆಚ್ಚು. ಅವುಗಳಲ್ಲಿ ಚಹಾ ಹೊತ್ತ ಡಿಪ್ಲೊಮ್ಯಾಟ್, ರೈಲು ಎಂಜಿನ್ನುಗಳೂ ಕಾರುಗಳೂ ಇದ್ದ ಕ್ಲಾನ್ ಮ್ಯಾಥೆಸನ್ ಕೂಡ ಇದ್ದವು. ಮುಳುಗಿಸುವ ಮೊದಲು ಜನರನ್ನು ಇಳಿಸಿಕೊಳ್ಳುವುದನ್ನು ಆತ ಬಿಡಲಿಲ್ಲ. ಶತ್ರುಗಳ ಪತ್ರಿಕೆಗಳೇ ಆತನನ್ನು ಹೊಗಳಿದ್ದು ಇದಕ್ಕಾಗಿ. ಎಮ್ಡೆನ್ ಸೋತ ಮೇಲೆ ಆತನೂ ಆತನ ಅಧಿಕಾರಿಗಳೂ ಕತ್ತಿಗಳನ್ನು ಇಟ್ಟುಕೊಳ್ಳಲು ಬ್ರಿಟಿಷ್ ನೌಕಾಪಡೆ ಅನುಮತಿ ಕೊಟ್ಟಿತು.

ಇಂಥವನ ಕೆಲಸಕ್ಕೆ ‘ಲೂಟಿ’ ಎಂದು ಬರೆಯಲು ಕೈ ಬರುವುದಿಲ್ಲ. ‘ಕಡಲ್ಗಳ್ಳ’ನಂತೂ ಅಲ್ಲವೇ ಅಲ್ಲ. ಹಿಡಿದ ಹಡಗಿಗೆ ‘ಸೆರೆಹಡಗು’ ಎಂದೂ, ಅದರ ಉಸ್ತುವಾರಿಗೆ ಕಳಿಸುತ್ತಿದ್ದ ಲೌಟರ್‌ಬಾಖ್‌ನಂಥವರಿಗೆ ‘ಸೆರೆಹಡಗಿನ ಅಧಿಕಾರಿ’ ಎಂದೂ ಸದ್ಯಕ್ಕೆ ಬರೆದಿದ್ದೇನೆ. ‘ಸೆರೆಯಾಳು’ ಇದೆ, ‘ಸೆರೆಮನೆ’ ಇದೆ, ‘ಸೆರೆಹಡಗು’ ಅವುಗಳ ಸಾಲಿನಲ್ಲಿ ಕೂರುತ್ತದೆ. ಆದರೆ ‘ಸೆರೆಮನೆ’ಯನ್ನು ನೆನೆದು ಯಾರಾದರೂ ಇದನ್ನು ಖೈದಿಗಳನ್ನು ಇಡುವ ಹಡಗು ಎಂದು ಓದಿಬಿಟ್ಟರೆ? ಈ ಭಯ ನನಗಿದೆ. ಕಾನೂನಿನ ಕನ್ನಡ ಬಲ್ಲವರು ಇದಕ್ಕಿಂತ ಒಳ್ಳೆಯ ಮಾತು ಸೂಚಿಸಿದರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ.

ಮದರಾಸಿನ ದಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಲ್ಲವರು ಇಲ್ಲಿ ಹಲವರಿದ್ದಾರೆ. ಅರ್ಧ ಗಂಟೆಯಷ್ಟು ಹೊತ್ತು, ನೂರಕ್ಕೂ ಹೆಚ್ಚು ಗುಂಡು, ಬರ್ಮಾ ಆಯಿಲ್ ಕಂಪನಿಯ ತೊಟ್ಟಿಗಳ ಬೆಂಕಿ, ಮರುದಿನದಿಂದ ಊರು ಬಿಟ್ಟು ಹೊರಟ ಜನ. ಭಾರತೀಯರ ಕಣ್ಣಲ್ಲಿ ಬ್ರಿಟಿಷರ ಪ್ರತಿಷ್ಠೆ ತಗ್ಗಬೇಕು ಎಂಬುದು ಮುಲ್ಲರನ ಉದ್ದೇಶವಾಗಿತ್ತು. ಹೈಕೋರ್ಟಿನ ಆವರಣದ ಗೋಡೆಯಲ್ಲಿ ಆ ದಾಳಿಯ ನೆನಪಿನ ಫಲಕ ಇದೆ. ನಾನು ಕೇಳಬೇಕೆಂದಿರುವುದು ಆ ರಾತ್ರಿ ಭಾಷೆಗಳಲ್ಲಿ ಬಿಟ್ಟುಹೋದ ಗುರುತಿನ ಬಗ್ಗೆ. ತಮಿಳಿನಲ್ಲಿ ‘ಎಮ್ಡನ್’ ಎಂದರೆ ಸುಲಭಕ್ಕೆ ಸಿಕ್ಕಿಬೀಳದ ಚಾಲಾಕಿ, ಗಟ್ಟಿಗ. ಮಲಯಾಳದ ‘ಎಮಂಡನ್’ ಮಾತನ್ನೂ, ಎಂದರೆ ಭಾರೀ ಗಾತ್ರದ್ದು ಎಂಬ ಅರ್ಥದ್ದನ್ನೂ, ಇದೇ ಹಡಗಿಗೆ ಜೋಡಿಸುತ್ತಾರೆ. ಹಡಗಿನ ಹೆಸರು ಮೂಲತಃ ಉತ್ತರ ಜರ್ಮನಿಯ ಒಂದು ಬಂದರಿನದು. ಊರಿನಿಂದ ಹಡಗಿಗೆ, ಹಡಗಿನಿಂದ ಬೀದಿಯ ಬೈಗುಳ ಹೊಗಳಿಕೆಗಳಿಗೆ ಆ ಹೆಸರು ಬಂದಿದೆ. ಜರ್ಮನಿಯಲ್ಲೂ ಅದು ಜನರ ಹೆಸರಿಗೆ ಸೇರಿತು. ಆ ಹಡಗಿನಲ್ಲಿ ಇದ್ದವರು ತಮ್ಮ ಮನೆತನದ ಹೆಸರಿಗೆ ‘ಎಮ್ಡೆನ್’ ಸೇರಿಸಿಕೊಳ್ಳುವ ಹಕ್ಕು ಪಡೆದರು, ಅದು ಮಕ್ಕಳಿಗೂ ಇಳಿಯಿತು.

ಮಂಗಳೂರು, ಕಾಸರಗೋಡು, ಕುಂದಾಪುರದ ಕಡೆಯವರು, ಕೋಲಾರ ಬೆಂಗಳೂರುಗಳಲ್ಲಿ ತಮಿಳಿನ ನೆರೆಯಲ್ಲಿ ಬೆಳೆದವರು ದಯವಿಟ್ಟು ಹೇಳಿ: ನಿಮ್ಮ ಮನೆಯ ಹಿರಿಯರು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಈ ಮಾತನ್ನು ಆಡುತ್ತಿದ್ದರೇ? ಆಡಿದ್ದರೆ ಯಾವ ಅರ್ಥದಲ್ಲಿ, ಯಾರ ಬಗ್ಗೆ? ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು, ಎಂದರೆ ಸರಕಿನ ನಾವೆಗಳು, ಹೋಗಿಬರುವುದು ಹಳೆಯ ವಾಡಿಕೆ, ಎಮ್ಡೆನ್ 1914ರ ಅಕ್ಟೋಬರಿನಲ್ಲಿ ಹಡಗುಗಳನ್ನು ಹಿಡಿದದ್ದೂ ಆ ಕಡಲಿನ ಹತ್ತಿರವೇ. ಬಂದರಿನ ಮನೆಗಳಲ್ಲಿ ಏನಾದರೂ ಮಾತು ಉಳಿದಿದ್ದರೆ ಅದು ನನಗೆ ಬಹಳ ಬೆಲೆಯದ್ದು.

ಮುಲ್ಲರನ ಉಳಿದ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಪದಗಳ ಪ್ರಶ್ನೆ ಅಲ್ಲೂ ಇದೆ. ಸಿಡ್ನಿಯ ಫಿರಂಗಿಗಳು ದೊಡ್ಡವು, ದೂರ ಹೊಡೆಯುವಂಥವು. ಎಮ್ಡೆನ್‌ನದು 10.5 ಸೆಂಟಿಮೀಟರಿನವು. ಹಡಗು ಉರಿದು ಕೆಟ್ಟಮೇಲೆ ಮುಲ್ಲರ್ ಅದನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಹತ್ತಿಸಿದ. ಅಲ್ಲಿಂದ ಮಾಲ್ಟಾದಲ್ಲಿ ಸೆರೆ, 1916ರಲ್ಲಿ ಇಂಗ್ಲೆಂಡಿನ ಸಟನ್ ಬಾನಿಂಗ್ಟನ್ ಶಿಬಿರ. 1917ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಖೈದಿಗಳ ಜೊತೆ ಸುರಂಗದ ಮೂಲಕ ತಪ್ಪಿಸಿಕೊಳ್ಳುವ ಯತ್ನವನ್ನು ಮುನ್ನಡೆಸಿ ಮತ್ತೆ ಸಿಕ್ಕಿಬಿದ್ದ. ಆ ಶಿಬಿರದಲ್ಲಿ ಆತನಿಗೆ ಹಡಗಿರಲಿಲ್ಲ, ಕಪ್ತಾನಗಿರಿ ಇರಲಿಲ್ಲ, ದರ್ಜೆ ಇತ್ತು. ಮಲೇರಿಯಾ ಉಲ್ಬಣಿಸಿದ್ದರಿಂದ 1918ರಲ್ಲಿ ಹಾಲೆಂಡಿಗೆ ಕಳಿಸಿದರು, ಅಕ್ಟೋಬರಿನಲ್ಲಿ ತಾಯ್ನಾಡು ಸೇರಿದ. ಅದೇ ವರ್ಷ ಮಾರ್ಚ್ 19ರಂದು ಪ್ರಷ್ಯಾದ ಹಿರಿಯ ಸೈನಿಕ ಗೌರವವಾದ ‘ಪೂರ್ ಲ ಮೆರಿಟ್’ ಪದಕ ಬಂದಿತ್ತು, ಕೊನೆಗೆ ಕಪಿಟೇನ್ ಟ್ಸುರ್ ಜೇ ದರ್ಜೆಯೂ ಬಂತು. 1919ರ ಮೊದಲಲ್ಲಿ ಆರೋಗ್ಯದ ಕಾರಣಕ್ಕೆ ನಿವೃತ್ತಿ. ಬ್ರೌನ್‌ಶ್ವೈಗ್ ಪ್ರಾಂತ್ಯದ ಶಾಸನಸಭೆಗೆ ಆರಿಸಿ ಬಂದ. ಎಮ್ಡೆನ್ ಬಗ್ಗೆ ಪುಸ್ತಕ ಬರೆದು ಹಣ ಮಾಡಲು ಒಪ್ಪಲಿಲ್ಲ, ಸತ್ತ ಜೊತೆಗಾರರ ರಕ್ತದಿಂದ ದುಡ್ಡು ಮಾಡಿದಂತಾಗುತ್ತದೆ ಎಂಬುದು ಆತನ ಭಾವನೆ. 1923ರ ಮಾರ್ಚ್ 11ರಂದು ತೀರಿಕೊಂಡ. ವಯಸ್ಸು ಐವತ್ತು ತುಂಬಿರಲಿಲ್ಲ.

ಈ ‘ನಿವೃತ್ತಿ’ ಭಾಗದಲ್ಲಿ ನನ್ನ ವಾಕ್ಯ ಹೀಗಿದೆ: ‘ಕ್ಯಾಪ್ಟನ್ ದರ್ಜೆಯೊಂದಿಗೆ ನೌಕಾಪಡೆಯಿಂದ ನಿವೃತ್ತನಾದ.’ ಇಲ್ಲಿ ಓದುಗರಿಗೆ ಭೂಸೇನೆಯ ಕ್ಯಾಪ್ಟನ್ ನೆನಪಾಗದಂತೆ ಏನು ಮಾಡಬೇಕು? ಜರ್ಮನರು ‘ಟ್ಸುರ್ ಜೇ’ ಎಂದು ಹಚ್ಚುವಂತೆ ನಾವು ‘ನೌಕಾ ಕ್ಯಾಪ್ಟನ್’ ಎಂದು ಬರೆಯಬಹುದೇ? ಅಥವಾ ಮೊದಲ ಬಾರಿ ಬಂದಾಗ ‘ಭೂಸೇನೆಯ ಕರ್ನಲ್‌ಗೆ ಸಮನಾದ’ ಎಂದು ಒಮ್ಮೆ ಹೇಳಿ ಮುಂದೆ ಸುಮ್ಮನೆ ‘ಕ್ಯಾಪ್ಟನ್’ ಎನ್ನುವುದು ಸಾಕೇ? ನನ್ನ ಒಲವು ಎರಡನೆಯದಕ್ಕೆ. ಪ್ರತಿ ಸಲ ‘ನೌಕಾ’ ಹಚ್ಚಿದರೆ ಗದ್ಯ ಭಾರವಾಗುತ್ತದೆ. ‘ಕಮಾಂಡರ್’ಗೂ ಇದೇ ಕಷ್ಟ. ಅದು ನೌಕಾಪಡೆಯ ಒಂದು ದರ್ಜೆಯ ಹೆಸರೂ ಹೌದು, ಯಾವುದೇ ಪಡೆಯ ಮುಖ್ಯಸ್ಥನಿಗೆ ಪತ್ರಿಕೆಗಳು ಹೇಳುವ ಮಾತೂ ಹೌದು. ‘ಲೆಫ್ಟಿನೆಂಟ್ ಕಮಾಂಡರ್’ ಎಂಬ ದರ್ಜೆಯಂತೂ ಬ್ರಿಟಿಷ್ ನೌಕಾಪಡೆಗೇ 1914ರ ಮಾರ್ಚಿನಲ್ಲಿ ಬಂದದ್ದು. ಅದಕ್ಕಿಂತ ಹಿಂದಿನ ಅಧಿಕಾರಿಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಆ ಹೆಸರನ್ನು ಹಚ್ಚಿದರೆ ಕಾಲವೇ ತಪ್ಪುತ್ತದೆ.

ನೌಕಾಪಡೆಯಲ್ಲಿ ಇದ್ದವರು, ಇರುವವರ ಮನೆಯವರು, ಕಾರವಾರದ ಸುದ್ದಿ ಬರೆಯುವ ಪತ್ರಕರ್ತರು ಈ ಬಳಗದಲ್ಲಿ ಇದ್ದರೆ ಎರಡು ವಿಷಯ ತಿಳಿಸಿ. ಒಂದು, ಕನ್ನಡದಲ್ಲಿ ಮಾತಾಡುವಾಗ ಹಡಗಿನ ಮುಖ್ಯಸ್ಥರನ್ನು ನೀವು ಏನೆಂದು ಹೇಳುತ್ತೀರಿ, ಅವರ ದರ್ಜೆ ಕ್ಯಾಪ್ಟನ್ ಅಲ್ಲದಿದ್ದಾಗಲೂ ಹಾಗೆಯೇ ಹೇಳುತ್ತೀರಾ? ಎರಡು, ಹಡಗಿನಲ್ಲಿ ಮುಖ್ಯಸ್ಥರ ನಂತರದ ಅಧಿಕಾರಿಗೆ, ಮ್ಯುಕೆ ಎಮ್ಡೆನ್ನಿನಲ್ಲಿ ಇದ್ದ ಆ ಸ್ಥಾನಕ್ಕೆ, ಕನ್ನಡದಲ್ಲಿ ನಾನು ‘ಉಪಕಪ್ತಾನ’ ಎಂದು ಬರೆದಿದ್ದೇನೆ. ಕ್ರಿಕೆಟ್ಟಿನಲ್ಲಿ ಇದು ನಡೆಯುತ್ತದೆ. ಯುದ್ಧನೌಕೆಯ ಮೇಲೆ ನಡೆಯುತ್ತದೆಯೇ?